ಚರ್ಮ, ಕಣ್ಣು, ರಕ್ತನಾಳ: ಒಂದು ಅಪರೂಪದ ಕಾಯಿಲೆಯ ಪರಿಚಯ

(ಕತ್ರಿಗುಪ್ಪೆಯಲ್ಲಿ ಸಂಘದ ಸದಸ್ಯರಿಗೆ ಮತ್ತು ವಿದ್ಯಾರ್ಥಿಗಳಿಗೆ ಏರ್ಪಡಿಸಿದ್ದ ಆರೋಗ್ಯ ಅರಿವಿನ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಆರೋಗ್ಯದ ಬಗ್ಗೆ ಭಾಷಣವೆಂದ ಕೂಡಲೇ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯಾಘಾತ ಎಂಬ ಮೂರು ಹೆಸರುಗಳು ನಿಮ್ಮ ಮನಸ್ಸಿಗೆ ಬಂದಿರಬಹುದು. ಅವುಗಳ ಬಗ್ಗೆ ನೀವು ಸಾಕಷ್ಟು ಕೇಳಿದ್ದೀರಿ, ಓದಿದ್ದೀರಿ. ಇಂದು ನಾನು ಆರಿಸಿಕೊಂಡಿರುವ ಕಾಯಿಲೆಯ ಹೆಸರನ್ನು ನಿಮ್ಮಲ್ಲಿ ಬಹುತೇಕರು ಕೇಳಿರಲಾರಿರಿ. ಅದರ ಹೆಸರು ಸೂಡೋಜಾಂಥೋಮಾ ಇಲಾಸ್ಟಿಕಮ್. ನಾಲಿಗೆ ಹೊರಳಿಸುವುದು ಕಷ್ಟ. ಆದ್ದರಿಂದ ವೈದ್ಯರು ಚಿಕ್ಕದಾಗಿ ಪಿ.ಎಕ್ಸ್.ಇ. ಎನ್ನುತ್ತಾರೆ. ನಾವೂ ಹಾಗೆಯೇ ಕರೆಯೋಣ.

ಇಷ್ಟು ಅಪರೂಪದ ಕಾಯಿಲೆಯ ಬಗ್ಗೆ ಇಷ್ಟು ಜನರ ಮುಂದೆ ಮಾತನಾಡುವ ಅಗತ್ಯವೇನು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇದಕ್ಕೆ ನನ್ನಲ್ಲಿ ಮೂರು ಉತ್ತರಗಳಿವೆ. ಮೊದಲನೆಯದು, ಈ ಕಾಯಿಲೆ ಮೊದಲು ಚರ್ಮದ ಮೇಲೆ ಕಾಣಿಸಿಕೊಳ್ಳುತ್ತದೆ, ವರ್ಷಗಳ ನಂತರ ಕಣ್ಣಿಗೆ ಹಾನಿ ಮಾಡುತ್ತದೆ. ನಡುವಿನ ಆ ವರ್ಷಗಳಲ್ಲಿ ಎಚ್ಚರ ವಹಿಸಿದರೆ ದೃಷ್ಟಿಯನ್ನು ಬಹುಮಟ್ಟಿಗೆ ಉಳಿಸಿಕೊಳ್ಳಲು ಸಾಧ್ಯ. ಎರಡನೆಯದು, ಇದು ವಂಶಪಾರಂಪರ್ಯವಾಗಿ ಬರುವ ಕಾಯಿಲೆ. ರಕ್ತಸಂಬಂಧದಲ್ಲಿ ಮದುವೆಗಳು ಹೆಚ್ಚಾಗಿರುವ ನಮ್ಮ ರಾಜ್ಯದಲ್ಲಿ ಇದನ್ನು ಅರಿತುಕೊಳ್ಳುವುದು ಎಲ್ಲ ಸಮುದಾಯಗಳಿಗೂ ಒಳ್ಳೆಯದು. ಮೂರನೆಯದು, ಈ ಒಂದು ಕಾಯಿಲೆಯನ್ನು ಅರ್ಥ ಮಾಡಿಕೊಂಡರೆ ಇದೇ ದಾರಿಯಲ್ಲಿ ಬರುವ ಹತ್ತಾರು ಕಾಯಿಲೆಗಳ ಗುಟ್ಟು ಅರ್ಥವಾಗುತ್ತದೆ.

ಅಪರೂಪ ಎಂದರೆ ಎಷ್ಟು?

ಈ ಕಾಯಿಲೆ 25 ಸಾವಿರದಿಂದ 1 ಲಕ್ಷ ಜನರಲ್ಲಿ ಒಬ್ಬರಿಗೆ ಬರುತ್ತದೆಂದು ತಜ್ಞರ ಅಂದಾಜು. ನಡುವಿನ ಲೆಕ್ಕವಾಗಿ 50 ಸಾವಿರಕ್ಕೆ ಒಬ್ಬರು ಎಂದಿಟ್ಟುಕೊಳ್ಳಿ. 2011ರ ಜನಗಣತಿಯಂತೆ ಬೆಂಗಳೂರು ನಗರದ ಜನಸಂಖ್ಯೆ ಸುಮಾರು 84 ಲಕ್ಷ, ಕರ್ನಾಟಕದ್ದು ಸುಮಾರು 6 ಕೋಟಿ 11 ಲಕ್ಷ. ಈಗ ವಿದ್ಯಾರ್ಥಿಗಳು ಭಾಗಾಕಾರ ಮಾಡಿ ನೋಡಲಿ. ಬೆಂಗಳೂರಿನಲ್ಲಿ 160ರಿಂದ 170 ಜನ, ರಾಜ್ಯದಲ್ಲಿ 1200ಕ್ಕೂ ಹೆಚ್ಚು ಜನ ಎಂದಾಗುತ್ತದೆ. ಇದು ಮನೆಮನೆ ಎಣಿಸಿ ತೆಗೆದ ಸಂಖ್ಯೆಯಲ್ಲ, ಲೆಕ್ಕದಿಂದ ಬಂದ ಅಂದಾಜು. ಆದರೂ ಒಂದು ಮಾತು ಇದರಿಂದ ಸ್ಪಷ್ಟವಾಗುತ್ತದೆ. ಇದು ದೂರದ ದೇಶದ ಕಾಯಿಲೆಯಲ್ಲ. ಕತ್ರಿಗುಪ್ಪೆ ವಾಟರ್ ಟ್ಯಾಂಕ್ ನಿಲ್ದಾಣದಲ್ಲಿ ನಮ್ಮೊಂದಿಗೆ ಬಸ್ಸಿಗೆ ಕಾಯುವವರಲ್ಲಿ ಒಬ್ಬರಿಗೆ ಇದು ಇರಬಹುದು. ಅವರಿಗೇ ಅದು ಗೊತ್ತಿಲ್ಲದೆಯೂ ಇರಬಹುದು.

ಹೆಸರಿನ ಹಿಂದಿನ ಕಥೆ

'ಸೂಡೋ' ಎಂದರೆ ಹುಸಿ. 'ಜಾಂಥೋಮಾ' ಎಂದರೆ ಕೊಬ್ಬು ಶೇಖರವಾಗಿ ಚರ್ಮದ ಮೇಲೆ ಏಳುವ ಹಳದಿ ಗಂಟು. 'ಇಲಾಸ್ಟಿಕಮ್' ಎಂಬುದು ಚರ್ಮದಲ್ಲಿರುವ ಹಿಗ್ಗುವ, ಕುಗ್ಗುವ ಎಳೆಗಳನ್ನು ಸೂಚಿಸುತ್ತದೆ. 1880ರ ದಶಕದಲ್ಲಿ ಫ್ರಾನ್ಸಿನ ವೈದ್ಯರಾದ ರಿಗಾಲ್ ಮತ್ತು ಬಾಲ್ಜೆ ಇಂಥ ರೋಗಿಗಳನ್ನು ವರ್ಣಿಸಿದ್ದರು. ಆಗ ಅದನ್ನು ಕೊಬ್ಬಿನ ಗಂಟು ಎಂದೇ ಭಾವಿಸಲಾಗಿತ್ತು. 1896ರಲ್ಲಿ ಅದೇ ದೇಶದ ಚರ್ಮರೋಗ ತಜ್ಞ ಜಾನ್ ಡಾರಿಯೆ ಇದು ಕೊಬ್ಬಲ್ಲ, ಇಲಾಸ್ಟಿಕ್ ಎಳೆಗಳೇ ಕೆಟ್ಟಿರುವ ಬೇರೆ ಕಾಯಿಲೆ ಎಂದು ಗುರುತಿಸಿ ಈ ಹೆಸರು ಕೊಟ್ಟರು.

ಅದೇ ಕಾಲದಲ್ಲಿ ಕಣ್ಣಿನ ವೈದ್ಯರು ಕೆಲವರ ಕಣ್ಣಿನ ಹಿಂಬದಿಯ ಪದರದಲ್ಲಿ ಕೆಂಪು-ಕಂದು ಬಣ್ಣದ ಗೆರೆಗಳನ್ನು ನೋಡುತ್ತಿದ್ದರು. 1889ರಲ್ಲಿ ಇಂಗ್ಲೆಂಡಿನ ಡಾಯ್ನ್ ಅವುಗಳ ಬಗ್ಗೆ ಬರೆದರು. ರಕ್ತನಾಳಗಳಂತೆ ಕಾಣುತ್ತಿದ್ದುದರಿಂದ 1892ರಲ್ಲಿ ನ್ಯಾಪ್ ಎಂಬ ತಜ್ಞರು ಅವನ್ನು 'ಆಂಜಿಯಾಯ್ಡ್ ಗೆರೆಗಳು' ಎಂದು ಕರೆದರು. ಚರ್ಮದ ವೈದ್ಯರು ಚರ್ಮವನ್ನು ನೋಡಿದರು, ಕಣ್ಣಿನ ವೈದ್ಯರು ಕಣ್ಣನ್ನು ನೋಡಿದರು. ಎರಡೂ ಒಂದೇ ಕಾಯಿಲೆಯ ಎರಡು ಮುಖಗಳೆಂದು ತಿಳಿಯಲು 1929ರವರೆಗೆ ಕಾಯಬೇಕಾಯಿತು. ಆ ವರ್ಷ ಸ್ವೀಡನ್ನಿನ ಕಣ್ಣಿನ ವೈದ್ಯೆ ಎಸ್ತರ್ ಗ್ರೋನ್‌ಬ್ಲಾಡ್ ಮತ್ತು ಚರ್ಮರೋಗ ತಜ್ಞ ಜೇಮ್ಸ್ ಸ್ಟ್ರಾಂಡ್‌ಬರ್ಗ್ ಇವೆರಡರ ಸಂಬಂಧವನ್ನು ತೋರಿಸಿಕೊಟ್ಟರು. ಇಬ್ಬರು ವೈದ್ಯರು ಒಬ್ಬರ ಮಾತನ್ನು ಇನ್ನೊಬ್ಬರು ಕೇಳಿದಾಗ ಮಾತ್ರ ಈ ಕಾಯಿಲೆ ಪೂರ್ತಿಯಾಗಿ ಕಾಣಿಸಿತು. ಈ ಪಾಠ ಇಂದಿಗೂ ಮುಖ್ಯ. ಅದಕ್ಕೆ ಮತ್ತೆ ಬರುತ್ತೇನೆ.

ದೇಹದೊಳಗೆ ಏನಾಗುತ್ತದೆ?

ನಮ್ಮ ದೇಹದ ಅಂಗಗಳನ್ನು ಒಂದಕ್ಕೊಂದು ಜೋಡಿಸಿ, ಆಕಾರ ಕೊಟ್ಟು ಹಿಡಿದಿಡುವ ವಸ್ತುವಿಗೆ ಸಂಯೋಜಕ ಅಂಗಾಂಶ ಎನ್ನುತ್ತಾರೆ. ಪ್ರೌಢಶಾಲೆಯ ಮಕ್ಕಳು ಜೀವಶಾಸ್ತ್ರದಲ್ಲಿ ಇದನ್ನು ಓದಿರುತ್ತೀರಿ. ಇದರಲ್ಲಿ ಇಲಾಸ್ಟಿಕ್ ಎಳೆಗಳಿವೆ. ಕೆನ್ನೆಯನ್ನು ಎಳೆದು ಬಿಟ್ಟರೆ ಅದು ಮತ್ತೆ ಮೊದಲಿನಂತಾಗುವುದು ಈ ಎಳೆಗಳಿಂದ. ಹೃದಯ ಒಮ್ಮೆ ಬಡಿದಾಗ ರಕ್ತನಾಳ ಹಿಗ್ಗಿ, ಮರುಕ್ಷಣ ಕುಗ್ಗುವುದೂ ಇವುಗಳಿಂದಲೇ. ಕಣ್ಣಿನ ಅಕ್ಷಿಪಟಲದ ಹಿಂದೆ ಬ್ರೂಕ್ ಪೊರೆ ಎಂಬ ತೆಳುವಾದ ಹಾಸು ಇದೆ. ಅದರಲ್ಲಿಯೂ ಈ ಎಳೆಗಳಿವೆ. ಪಿ.ಎಕ್ಸ್.ಇ. ಇರುವವರಲ್ಲಿ ಈ ಮೂರೂ ಕಡೆ ಎಳೆಗಳ ಮೇಲೆ ಕ್ಯಾಲ್ಸಿಯಂ, ಅಂದರೆ ಸುಣ್ಣದ ಅಂಶ, ಕೂರುತ್ತದೆ. ಎಳೆಗಳು ಬಿರುಸಾಗುತ್ತವೆ, ತುಂಡಾಗುತ್ತವೆ. ಬಿಸಿಲಿಗೆ ಬಿದ್ದ ಹಳೆಯ ರಬ್ಬರ್ ಬ್ಯಾಂಡನ್ನು ಎಳೆದು ನೋಡಿ, ಹಿಗ್ಗುವ ಬದಲು ಪಟ್ಟನೆ ಒಡೆಯುತ್ತದೆ. ಹಾಗೆಯೇ ಇದು.

ಸುಣ್ಣದ ಅಂಶ ಯಾಕೆ ಕೂರುತ್ತದೆ? ನಮ್ಮ ಬಡಾವಣೆಯ ತಾಯಂದಿರಿಗೆ ಇದನ್ನು ವಿವರಿಸುವುದು ಸುಲಭ. ಬೋರ್‌ವೆಲ್ ನೀರನ್ನು ದಿನಾ ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಪದರ ಕಟ್ಟುವುದನ್ನು ನೀವು ನೋಡಿದ್ದೀರಿ. ಗೀಸರಿನ ಕಾಯಿಲ್ ಹಾಳಾಗುವುದೂ ಅದರಿಂದಲೇ. ನಮ್ಮ ರಕ್ತದಲ್ಲಿಯೂ ಕ್ಯಾಲ್ಸಿಯಂ, ಫಾಸ್ಫೇಟ್ ಧಾರಾಳವಾಗಿವೆ. ಆದರೂ ರಕ್ತನಾಳದಲ್ಲಿ ಹಾಗೆ ಪದರ ಕಟ್ಟದಂತೆ ತಡೆಯುವ ಒಂದು ಕಾವಲುಗಾರ ವಸ್ತು ರಕ್ತದಲ್ಲಿದೆ. ಅದರ ಹೆಸರು ಪೈರೋಫಾಸ್ಫೇಟ್. ಪಿ.ಎಕ್ಸ್.ಇ. ಇರುವವರ ರಕ್ತದಲ್ಲಿ ಈ ಕಾವಲುಗಾರನ ಪ್ರಮಾಣ ತೀರಾ ಕಡಿಮೆ.

ಅದು ಕಡಿಮೆಯಾಗುವುದಕ್ಕೆ ಮೂಲ ಕಾರಣ 2000ನೇ ಇಸವಿಯಲ್ಲಿ ತಿಳಿಯಿತು. 16ನೇ ವರ್ಣತಂತುವಿನಲ್ಲಿರುವ ಎಬಿಸಿಸಿ6 ಎಂಬ ವಂಶವಾಹಿಯಲ್ಲಿ ದೋಷವಿದ್ದರೆ ಈ ಕಾಯಿಲೆ ಬರುತ್ತದೆ. ವಿಜ್ಞಾನಿಗಳಿಗೆ ಅಚ್ಚರಿ ತಂದ ಸಂಗತಿಯೆಂದರೆ ಈ ವಂಶವಾಹಿ ಹೆಚ್ಚಾಗಿ ಕೆಲಸ ಮಾಡುವುದು ಚರ್ಮದಲ್ಲಲ್ಲ, ಕಣ್ಣಿನಲ್ಲಲ್ಲ, ಯಕೃತ್ತಿನಲ್ಲಿ. ಯಕೃತ್ತಿನ ಕೋಶಗಳು ಎಟಿಪಿ ಎಂಬ ವಸ್ತುವನ್ನು ಹೊರಗೆ ಬಿಡಲು ಇದು ಬೇಕು, ಆ ಎಟಿಪಿ ಒಡೆದಾಗ ಪೈರೋಫಾಸ್ಫೇಟ್ ಸಿಗುತ್ತದೆ ಎಂಬ ಸರಪಳಿ 2013ರಲ್ಲಿ ಬೆಳಕಿಗೆ ಬಂತು. ಕಾಣಿಸುವುದು ಕತ್ತಿನ ಮೇಲೆ, ಕಳೆದುಕೊಳ್ಳುವುದು ಕಣ್ಣು, ಮೂಲವಿರುವುದು ಯಕೃತ್ತಿನಲ್ಲಿ. ಇಲ್ಲಿ ಒಂದು ಎಚ್ಚರಿಕೆಯ ಮಾತು. ಗಡಸು ನೀರು ಕುಡಿದರೆ ಈ ಕಾಯಿಲೆ ಬರುವುದಿಲ್ಲ. ಪಾತ್ರೆಯ ಉದಾಹರಣೆ ಅರ್ಥವಾಗಲೆಂದು ಕೊಟ್ಟದ್ದು ಮಾತ್ರ. ಹಾಲು, ರಾಗಿ ಬಿಡಬೇಕೆಂದು ಯಾರೂ ತಿಳಿಯಬೇಡಿ.

ಮೊದಲ ಸೂಚನೆ: ಚರ್ಮ

ಒಂಬತ್ತನೇ ತರಗತಿಯಲ್ಲಿ ಓದುವ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಕತ್ತಿನ ಎರಡೂ ಪಕ್ಕಗಳಲ್ಲಿ ಹಳದಿ ಬಣ್ಣದ ಸಣ್ಣಸಣ್ಣ ಗುಳ್ಳೆಗಳು ಸಾಲುಸಾಲಾಗಿ ಎದ್ದಿವೆ. ತುರಿಕೆಯಿಲ್ಲ, ನೋವಿಲ್ಲ, ಕೀವಿಲ್ಲ. ಗರಿ ಕಿತ್ತ ಕೋಳಿಯ ಚರ್ಮದಂತೆ ಕಾಣುತ್ತದೆ. ವೈದ್ಯಕೀಯ ಪುಸ್ತಕಗಳಲ್ಲಿಯೂ ಇದೇ ಹೋಲಿಕೆ ಇದೆ. ವರ್ಷ ಕಳೆದಂತೆ ಗುಳ್ಳೆಗಳು ಕೂಡಿಕೊಂಡು ಚರ್ಮ ದಪ್ಪಗಾಗಿ, ಸಡಿಲವಾಗುತ್ತದೆ. ಕಂಕುಳು, ಮೊಣಕೈ ಒಳಭಾಗ, ಮೊಣಕಾಲಿನ ಹಿಂಭಾಗ, ಹೊಕ್ಕುಳ ಸುತ್ತ, ತೊಡೆಯ ಸಂದಿಗಳಲ್ಲಿಯೂ ಹೀಗಾಗಬಹುದು. ಕೆಳದುಟಿಯ ಒಳಭಾಗದಲ್ಲಿ ಹಳದಿ ಮಚ್ಚೆಗಳು ಕಾಣಬಹುದು.

ಮನೆಯವರು ಏನು ಮಾಡುತ್ತಾರೆ? ಕೆಲವರು ಕತ್ತಿನ ಕೊಳೆ ಎಂದು ತಿಕ್ಕಿ ತೊಳೆಯುತ್ತಾರೆ. ಕೆಲವರು ಸರದ ಅಲರ್ಜಿ ಎನ್ನುತ್ತಾರೆ. ಕೆಲವರು ಅಂಗಡಿಯಿಂದ ಮುಲಾಮು ತಂದು ತಿಂಗಳುಗಟ್ಟಲೆ ಹಚ್ಚುತ್ತಾರೆ. ಹುಡುಗಿಯಾದರೆ ಮದುವೆಯ ಚಿಂತೆ ಶುರುವಾಗುತ್ತದೆ. ದುಪಟ್ಟಾದಲ್ಲಿಯೋ, ಸೆರಗಿನಲ್ಲಿಯೋ ಮುಚ್ಚಿಟ್ಟುಕೊಳ್ಳಲು ಹೇಳುತ್ತಾರೆ. ಹುಡುಗನಾದರೆ ಶರಟಿನ ಕಾಲರ್ ಮುಚ್ಚುತ್ತದೆ. ಚರ್ಮಕ್ಕೆ ಇದರಿಂದ ಹೆಚ್ಚಿನ ಅಪಾಯವಿಲ್ಲ, ನಿಜ. ಅಪಾಯವಿರುವುದು ಆ ಗುಳ್ಳೆಗಳನ್ನು ನೋಡಿಯೂ ಅವು ಹೇಳುವ ಮಾತನ್ನು ಕೇಳದಿದ್ದಾಗ. ಅವು ಹೇಳುವುದು ಇಷ್ಟೇ: 'ಕಣ್ಣನ್ನು ಪರೀಕ್ಷೆ ಮಾಡಿಸಿ.'

ಇದು ಅಂಟುರೋಗವಲ್ಲ. ತೊನ್ನು ಅಲ್ಲ, ಕುಷ್ಠವಲ್ಲ. ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಬೆಂಚಿನಲ್ಲಿ ಕೂತರೆ, ಒಂದೇ ಟವೆಲ್ ಬಳಸಿದರೆ ಬರುವುದಿಲ್ಲ. ತರಗತಿಯಲ್ಲಿ ಯಾರ ಕತ್ತಿನ ಮೇಲಾದರೂ ಹೀಗಿದ್ದರೆ ಅಡ್ಡಹೆಸರಿಟ್ಟು ಕರೆಯಬೇಡಿ ಎಂದು ವಿದ್ಯಾರ್ಥಿಗಳಲ್ಲಿ ವಿಶೇಷವಾಗಿ ಕೇಳಿಕೊಳ್ಳುತ್ತೇನೆ. ಅಡ್ಡಹೆಸರಿಗೆ ಹೆದರಿ ಮುಚ್ಚಿಟ್ಟ ಮಗು ವೈದ್ಯರಿಗೂ ತೋರಿಸುವುದಿಲ್ಲ.

ಎರಡನೆಯ ಹಂತ: ಕಣ್ಣು

ಕಣ್ಣಿನ ಹಿಂಭಾಗದಲ್ಲಿ ಮೊದಲು ಕಾಣುವ ಬದಲಾವಣೆ ಕಿತ್ತಳೆ ಸಿಪ್ಪೆಯಂಥ ಚುಕ್ಕೆ ಚುಕ್ಕೆಯ ಮೇಲ್ಮೈ. ಆಮೇಲೆ, ಬಹಳ ಮಟ್ಟಿಗೆ ಇಪ್ಪತ್ತರ ಆಸುಪಾಸಿನಲ್ಲಿ, ಬ್ರೂಕ್ ಪೊರೆ ಬಿರುಕು ಬಿಟ್ಟು ಆಂಜಿಯಾಯ್ಡ್ ಗೆರೆಗಳು ಮೂಡುತ್ತವೆ. ಈ ಎರಡು ಹಂತಗಳಲ್ಲಿ ರೋಗಿಗೆ ಏನೂ ಗೊತ್ತಾಗುವುದಿಲ್ಲ. ಓದುವುದು, ಬರೆಯುವುದು, ಗಾಡಿ ಓಡಿಸುವುದು ಎಲ್ಲವೂ ಸರಿಯಾಗಿಯೇ ಇರುತ್ತದೆ. ಔಷಧದ ಹನಿ ಹಾಕಿ ಪಾಪೆಯನ್ನು ಹಿಗ್ಗಿಸಿ ನೋಡಿದರೆ ಮಾತ್ರ ವೈದ್ಯರಿಗೆ ಕಾಣುತ್ತದೆ. ಕನ್ನಡಕದ ಅಂಗಡಿಯ ನಂಬರ್ ಪರೀಕ್ಷೆಯಲ್ಲಿ ಇದು ಸಿಗುವುದಿಲ್ಲ.

ಬಿರುಕಿನ ಮೂಲಕ ಹಿಂದಿನಿಂದ ಹೊಸ, ದುರ್ಬಲ ರಕ್ತನಾಳಗಳು ಒಳನುಗ್ಗಿದಾಗ ತೊಂದರೆ ಶುರುವಾಗುತ್ತದೆ. ಅವು ಸೋರುತ್ತವೆ, ರಕ್ತ ಸುರಿಸುತ್ತವೆ. ದೃಷ್ಟಿಯ ನಟ್ಟನಡುವಿನ ಭಾಗ ಮಸುಕಾಗುತ್ತದೆ. ನೇರ ಗೆರೆಗಳು ಸೊಟ್ಟಗೆ ಕಾಣುತ್ತವೆ. ಸಾಮಾನ್ಯವಾಗಿ ನಲವತ್ತರ ನಂತರ ಇದು ಹೆಚ್ಚು, ಆದರೆ ಅದಕ್ಕೂ ಮೊದಲೇ ಆಗಬಹುದು. ಪಕ್ಕದ ದೃಷ್ಟಿ ಉಳಿದಿರುತ್ತದೆ, ಆದ್ದರಿಂದ ಪೂರ್ತಿ ಕತ್ತಲಾಗುವುದು ಅಪರೂಪ. ಆದರೆ ಪತ್ರಿಕೆ ಓದಲು, ಸೂಜಿಗೆ ದಾರ ಪೋಣಿಸಲು, ಎದುರಿಗಿರುವವರ ಮುಖ ಗುರುತಿಸಲು ಬೇಕಾದ ನಡುವಿನ ದೃಷ್ಟಿಯೇ ಹೋಗುತ್ತದೆ. ಒಬ್ಬ ದರ್ಜಿಗೆ, ಒಬ್ಬ ಶಿಕ್ಷಕಿಗೆ, ಒಬ್ಬ ಚಾಲಕನಿಗೆ ಇದು ಜೀವನೋಪಾಯದ ಪ್ರಶ್ನೆ.

ಇದಕ್ಕೆ ಈಗ ಚಿಕಿತ್ಸೆ ಇದೆ. 2005ರ ಸುಮಾರಿಗೆ ಕಣ್ಣಿನೊಳಗೆ ಕೊಡುವ ಬೆವಾಸಿಜುಮ್ಯಾಬ್ ಚುಚ್ಚುಮದ್ದಿನ ಬಳಕೆ ಶುರುವಾಯಿತು. ರ‍್ಯಾನಿಬಿಜುಮ್ಯಾಬ್ ಮುಂತಾದವು ಅನಂತರ ಬಂದವು. ಇವು ಹೊಸ ರಕ್ತನಾಳಗಳ ಬೆಳವಣಿಗೆಯನ್ನು ತಡೆಯುತ್ತವೆ. ಅದಕ್ಕೆ ಮೊದಲು ಲೇಸರ್ ಬಿಟ್ಟರೆ ಹೆಚ್ಚಿನ ಉಪಾಯವಿರಲಿಲ್ಲ. ಆದರೆ ಈ ಚುಚ್ಚುಮದ್ದು ಸೋರಿಕೆ ಶುರುವಾದ ಕೂಡಲೇ ಕೊಟ್ಟರೆ ಫಲ ಹೆಚ್ಚು. ಗಾಯ ಒಣಗಿ ಕಲೆಯಾದ ಮೇಲೆ ಹೋದ ದೃಷ್ಟಿ ಮರಳುವುದಿಲ್ಲ. ಆದ್ದರಿಂದಲೇ ದಿನಗಳ ಲೆಕ್ಕ ಮುಖ್ಯ. 'ಮುಂದಿನ ತಿಂಗಳು ನೋಡೋಣ' ಎನ್ನುವ ಕಾಯಿಲೆ ಇದಲ್ಲ.

ಮನೆಯಲ್ಲೇ ಮಾಡುವ ಒಂದು ಪರೀಕ್ಷೆ ಹೇಳುತ್ತೇನೆ. ಮಕ್ಕಳ ಗ್ರಾಫ್ ಹಾಳೆ ತೆಗೆದುಕೊಳ್ಳಿ. ನಡುವೆ ಒಂದು ಕಪ್ಪು ಚುಕ್ಕೆ ಇಡಿ. ಓದುವ ಕನ್ನಡಕವಿದ್ದರೆ ಹಾಕಿಕೊಂಡು, ಹಾಳೆಯನ್ನು ಸುಮಾರು 30 ಸೆಂಟಿಮೀಟರ್ ದೂರದಲ್ಲಿ ಹಿಡಿಯಿರಿ. ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ಚುಕ್ಕೆಯನ್ನೇ ನೋಡಿ. ಸುತ್ತಲಿನ ಗೆರೆಗಳು ಅಲೆಯಂತೆ ಬಾಗಿದರೆ, ಎಲ್ಲಾದರೂ ಚೌಕಗಳು ಕಾಣೆಯಾದರೆ, ಅದೇ ವಾರ ಅಕ್ಷಿಪಟಲ ತಜ್ಞರನ್ನು ಕಾಣಬೇಕು. ಆಮೇಲೆ ಇನ್ನೊಂದು ಕಣ್ಣು. ಎರಡೂ ಕಣ್ಣು ತೆರೆದು ನೋಡಿದರೆ ಒಳ್ಳೆಯ ಕಣ್ಣು ಕೆಟ್ಟ ಕಣ್ಣಿನ ದೋಷವನ್ನು ಮುಚ್ಚಿಬಿಡುತ್ತದೆ. ಪಿ.ಎಕ್ಸ್.ಇ. ಇರುವವರು ಈ ಪರೀಕ್ಷೆಯನ್ನು ಆಗಾಗ ಮಾಡಿಕೊಳ್ಳಬೇಕು. ಅಕ್ಷಿಪಟಲಕ್ಕೆ ಸಂಬಂಧಿಸಿದ ಬೇರೆ ಕಾಯಿಲೆ ಇರುವ ಹಿರಿಯರಿಗೂ ಇದು ಉಪಯುಕ್ತ.

ಪಿ.ಎಕ್ಸ್.ಇ. ಇರುವವರ ಕಣ್ಣಿಗೆ ಸಣ್ಣ ಪೆಟ್ಟೂ ದೊಡ್ಡದು. ಚೆಂಡು ಬಡಿದರೂ ಒಳಗೆ ರಕ್ತಸ್ರಾವವಾಗಬಹುದು. ಬಾಕ್ಸಿಂಗ್, ಕಬಡ್ಡಿ, ಕುಸ್ತಿಯಂಥ ಮೈಕೈ ತಾಗುವ ಆಟಗಳು ಬೇಡ. ಕ್ರಿಕೆಟ್, ಶಟಲ್ ಆಡುವುದಾದರೆ ಒಡೆಯದ ಪ್ಲಾಸ್ಟಿಕ್ ಗಾಜಿನ ರಕ್ಷಾ ಕನ್ನಡಕ ಬೇಕು. ನಡಿಗೆ, ಈಜು ಒಳ್ಳೆಯದು. ಉಸಿರು ಬಿಗಿಹಿಡಿದು ಭಾರ ಎತ್ತುವುದು ಒಳ್ಳೆಯದಲ್ಲ.

ಮೂರನೆಯದು: ರಕ್ತನಾಳ

ಕೈಕಾಲುಗಳಿಗೆ ರಕ್ತ ಒಯ್ಯುವ ಮಧ್ಯಮ ಗಾತ್ರದ ಅಪಧಮನಿಗಳ ಗೋಡೆಯಲ್ಲಿ ಸುಣ್ಣ ಕೂತು ಅವು ಗಟ್ಟಿಯಾಗುತ್ತವೆ. ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಎರಡು ನಿಮಿಷದಲ್ಲಿ ಸರಿಹೋಗುತ್ತದೆ, ಮತ್ತೆ ನಡೆದರೆ ಮತ್ತೆ ನೋವು. ವಯಸ್ಸಾದವರಲ್ಲಿ, ಬೀಡಿ ಸಿಗರೇಟು ಸೇದುವವರಲ್ಲಿ ಕಾಣುವ ಈ ಲಕ್ಷಣ ಪಿ.ಎಕ್ಸ್.ಇ. ಇರುವವರಲ್ಲಿ ಚಿಕ್ಕ ವಯಸ್ಸಿನಲ್ಲೇ ಬರಬಹುದು. ತೋಳಿನಲ್ಲಿ ಮತ್ತು ಪಾದದ ಗಂಟಿನ ಬಳಿ ರಕ್ತದೊತ್ತಡ ಅಳೆದು ಹೋಲಿಸಿದರೆ ವೈದ್ಯರಿಗೆ ತಿಳಿಯುತ್ತದೆ. ನೋವಿಲ್ಲದ ಸರಳ ಪರೀಕ್ಷೆ.

ಜಠರದ ರಕ್ತನಾಳದಿಂದ ರಕ್ತ ಸೋರುವ ಅಪಾಯವೂ ಇದೆ. ರಕ್ತವಾಂತಿಯಾದರೆ, ಮಲ ಡಾಂಬರಿನಂತೆ ಕಪ್ಪಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮೈಕೈ ನೋವೆಂದು ಅಂಗಡಿಯಿಂದ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ತಂದು ನುಂಗುವುದು ಇವರಿಗೆ ತಕ್ಕುದಲ್ಲ. ಜ್ವರ, ನೋವಿಗೆ ಪ್ಯಾರಾಸಿಟಮಾಲ್ ಹೆಚ್ಚು ಸುರಕ್ಷಿತ. ಹೃದಯದ ವೈದ್ಯರು ಕಾರಣವಿದ್ದು ಆಸ್ಪಿರಿನ್ ಬರೆದಿದ್ದರೆ ತಾವಾಗಿಯೇ ನಿಲ್ಲಿಸದೆ, ಅವರಿಗೆ ಈ ಕಾಯಿಲೆಯ ವಿಷಯ ತಿಳಿಸಬೇಕು. ತಂಬಾಕು ಯಾವ ರೂಪದಲ್ಲಿಯೂ ಬೇಡ. ರಕ್ತದೊತ್ತಡ, ಸಕ್ಕರೆ, ಕೊಬ್ಬು ಹಿಡಿತದಲ್ಲಿರಲಿ. ಇಷ್ಟು ಮಾಡಿದರೆ ಈ ಕಾಯಿಲೆ ಇರುವವರಲ್ಲಿ ಬಹುಪಾಲು ಜನ ಎಲ್ಲರಂತೆ ಪೂರ್ಣಾಯುಷ್ಯ ಬಾಳುತ್ತಾರೆ. ಹೆಣ್ಣುಮಕ್ಕಳ ಬಸಿರು, ಬಾಣಂತನಗಳೂ ಹೆಚ್ಚಿನವರಲ್ಲಿ ಸುಸೂತ್ರವಾಗಿಯೇ ಆಗುತ್ತವೆ.

ವಂಶದ ಲೆಕ್ಕ

ಈಗ ನಾವು ಮನೆಗಳಲ್ಲಿ ಬಿಚ್ಚಿ ಮಾತನಾಡದ ವಿಷಯಕ್ಕೆ ಬರೋಣ. ಪ್ರತಿಯೊಬ್ಬರಲ್ಲಿಯೂ ಈ ವಂಶವಾಹಿಯ ಎರಡು ಪ್ರತಿಗಳಿವೆ, ಒಂದು ತಾಯಿಯಿಂದ, ಒಂದು ತಂದೆಯಿಂದ. ಎರಡೂ ಕೆಟ್ಟಿದ್ದರೆ ಮಾತ್ರ ಕಾಯಿಲೆ. ಒಂದು ಮಾತ್ರ ಕೆಟ್ಟಿರುವವರನ್ನು ವಾಹಕರು ಎನ್ನುತ್ತಾರೆ. ಅವರು ಸಾಮಾನ್ಯವಾಗಿ ಆರೋಗ್ಯವಂತರಾಗಿಯೇ ಇರುತ್ತಾರೆ. ತಂದೆ ತಾಯಿ ಇಬ್ಬರೂ ವಾಹಕರಾದರೆ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ವಾಹಕವಾಗುವ ಸಾಧ್ಯತೆ ನಾಲ್ಕರಲ್ಲಿ ಎರಡು. ಇದರಲ್ಲಿ ತಾಯಿಯ ತಪ್ಪೂ ಇಲ್ಲ, ತಂದೆಯ ತಪ್ಪೂ ಇಲ್ಲ. 'ಸೊಸೆ ತಂದ ರೋಗ' ಎಂಬ ಮಾತಿಗೆ ವಿಜ್ಞಾನದಲ್ಲಿ ಜಾಗವೇ ಇಲ್ಲ. ದೋಷದ ಒಂದು ಪ್ರತಿ ಗಂಡನ ಕಡೆಯಿಂದ ಬಂದೇ ಇರಬೇಕು.

50 ಸಾವಿರಕ್ಕೆ ಒಬ್ಬ ರೋಗಿ ಎಂದರೆ ಲೆಕ್ಕದ ಪ್ರಕಾರ ಸುಮಾರು 110 ಜನರಲ್ಲಿ ಒಬ್ಬರು ವಾಹಕರು. ಒಬ್ಬ ವಾಹಕ ಸಂಬಂಧವೇ ಇಲ್ಲದವರನ್ನು ಮದುವೆಯಾದರೆ ಪ್ರತಿ ಮಗುವಿಗೂ ಅಪಾಯ ಸುಮಾರು 440ರಲ್ಲಿ ಒಂದು. ಅದೇ ವಾಹಕ ಚಿಕ್ಕಪ್ಪ, ದೊಡ್ಡಪ್ಪ, ಮಾವ, ಅತ್ತೆಯ ಮಕ್ಕಳನ್ನು ಮದುವೆಯಾದರೆ, ಅವರೂ ವಾಹಕರಾಗಿರುವ ಸಾಧ್ಯತೆ ಎಂಟರಲ್ಲಿ ಒಂದು. ಆಗ ಅಪಾಯ 32ರಲ್ಲಿ ಒಂದಕ್ಕೆ ಏರುತ್ತದೆ. ಸೋದರಮಾವ ಅಕ್ಕನ ಮಗಳನ್ನು ಮದುವೆಯಾದರೆ 16ರಲ್ಲಿ ಒಂದು.

ಇದು ಯಾವುದೋ ಒಂದು ಸಮುದಾಯದ ಮಾತಲ್ಲ. ನಮ್ಮಲ್ಲಿ ಸೋದರ ಸಂಬಂಧಿಗಳ ಮಕ್ಕಳ ನಡುವೆ ಮದುವೆಯಾಗುತ್ತದೆ. ಹಿಂದೂ ಸಹೋದರರಲ್ಲಿ ಅತ್ತೆ ಮಗಳು, ಅಕ್ಕನ ಮಗಳು ಎಂಬ ಪದ್ಧತಿ ಇದೆ. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್. ಅಪ್ಪಾಜಿ ರಾವ್ ಮತ್ತು ಅವರ ಸಹೋದ್ಯೋಗಿಗಳು ಬೆಂಗಳೂರು, ಮೈಸೂರುಗಳಲ್ಲಿ ನವಜಾತ ಶಿಶುಗಳ ರಕ್ತಪರೀಕ್ಷೆಯ ದೊಡ್ಡ ಕಾರ್ಯಕ್ರಮ ನಡೆಸಿದರು. ಒಂದು ಲಕ್ಷಕ್ಕೂ ಹೆಚ್ಚು ದಂಪತಿಗಳ ಮಾಹಿತಿಯಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದಲ್ಲಿಯೇ ಆಗಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿಯೂ ಕರ್ನಾಟಕದ ಪ್ರಮಾಣ ನಾಲ್ಕರಲ್ಲಿ ಒಂದಕ್ಕಿಂತ ತುಸು ಹೆಚ್ಚೇ ಇತ್ತು.

ಹಾಗಾದರೆ ಸಂಬಂಧದಲ್ಲಿ ಮದುವೆ ಮಾಡಲೇಬಾರದೇ? ನಾನು ಹಾಗೆ ಹೇಳುತ್ತಿಲ್ಲ. ಅದಕ್ಕೆ ಅನುಮತಿ ಇದೆ, ಅದು ಕಡ್ಡಾಯವಲ್ಲ ಎಂಬುದನ್ನು ಹಿರಿಯರು ಬಲ್ಲರು. ಸಂಬಂಧದಲ್ಲಿ ಮದುವೆಯಾದ ಬಹುಪಾಲು ದಂಪತಿಗಳಿಗೆ ಆರೋಗ್ಯವಂತ ಮಕ್ಕಳೇ ಹುಟ್ಟುತ್ತಾರೆ. ಆದರೆ ಮನೆತನದಲ್ಲಿ ಒಂದು ವಂಶಪಾರಂಪರ್ಯ ಕಾಯಿಲೆ ಇದೆಯೆಂದು ತಿಳಿದ ಮೇಲೆ, ಅದೇ ಮನೆತನದೊಳಗೆ ಮತ್ತೆ ನಂಟು ಬೆಳೆಸುವ ಮುನ್ನ ಅನುವಂಶೀಯ ತಜ್ಞರ ಸಲಹೆ ಪಡೆಯಬೇಕು. ಇಷ್ಟೇ ನನ್ನ ವಿನಂತಿ.

ಇನ್ನೊಂದು ಮಾತನ್ನು ಹೆಣ್ಣು ಹೆತ್ತವರು ಗಮನವಿಟ್ಟು ಕೇಳಬೇಕು. ಪಿ.ಎಕ್ಸ್.ಇ. ಇರುವ ಹುಡುಗಿ ಸಂಬಂಧವಿಲ್ಲದ ಮನೆತನಕ್ಕೆ ಮದುವೆಯಾಗಿ ಹೋದರೆ, ಆಕೆಯ ಪ್ರತಿ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಸುಮಾರು 220ರಲ್ಲಿ ಒಂದು ಮಾತ್ರ. 'ಹೊರಗೆ ಯಾರು ಒಪ್ಪುತ್ತಾರೆ, ನಮ್ಮವರಲ್ಲೇ ಕೊಟ್ಟುಬಿಡೋಣ' ಎಂದು ಸ್ವಂತ ಅತ್ತೆ ಅಥವಾ ಮಾವನ ಮಗನಿಗೆ ಕೊಟ್ಟರೆ ಆ ಅಪಾಯ ಎಂಟರಲ್ಲಿ ಒಂದರಷ್ಟಾಗುತ್ತದೆ. ಮುಚ್ಚಿಡುವ ಆತುರದಲ್ಲಿ ಮಾಡಿದ ನಿರ್ಧಾರವೇ ಮೊಮ್ಮಕ್ಕಳ ಅಪಾಯವನ್ನು ಹೆಚ್ಚಿಸುತ್ತದೆ. ಬಿಚ್ಚಿ ಹೇಳಿದವರಿಗೆ ದಾರಿ ಸುಲಭ.

ಕಾಯಿಲೆಗಿಂತ ಮೊದಲು ಓಡುವ ವದಂತಿ

ನಮ್ಮ ರಾಜ್ಯದಲ್ಲೇ ಒಂದು ಉದಾಹರಣೆ ಇದೆ. 1970ರ ದಶಕದಲ್ಲಿ ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ ಹಲವು ಬಡ ಕುಟುಂಬಗಳ ಜನ ಸೊಂಟ, ಮಂಡಿಗಳ ನೋವಿನಿಂದ ನಡೆಯಲಾರದಂತಾದರು. ಗದ್ದೆಗೆ ಹೊಡೆದ ಕೀಟನಾಶಕ, ಆ ಗದ್ದೆಯ ಏಡಿ ತಿಂದದ್ದು ಕಾರಣ ಎಂಬ ಮಾತು ಹಬ್ಬಿತು. ತಜ್ಞರು ಬಂದು ಕುಟುಂಬಗಳ ವಂಶವೃಕ್ಷ ಬಿಡಿಸಿ ನೋಡಿದ ಮೇಲೆ ಅದು ಮೂಳೆ, ಕೀಲುಗಳ ವಂಶಪಾರಂಪರ್ಯ ಕಾಯಿಲೆ ಎಂದು ತಿಳಿಯಿತು. ಅದು ಪಿ.ಎಕ್ಸ್.ಇ. ಅಲ್ಲ. ಹರಡುವ ರೀತಿಯೂ ಬೇರೆ, ತಂದೆ ಅಥವಾ ತಾಯಿ ಒಬ್ಬರಿಂದಲೇ ಅದು ಮಕ್ಕಳಿಗೆ ಬರುತ್ತದೆ. ಆದರೆ ಪಾಠ ಒಂದೇ. ಕುಟುಂಬದ ಚರಿತ್ರೆಯನ್ನು ಕೇಳಿ ಬರೆದುಕೊಂಡಾಗಲೇ ನಿಜ ಹೊರಬಂತು.

ಇನ್ನೊಂದು ಉದಾಹರಣೆ ಅಮೆರಿಕದ್ದು. 1994ರ ಡಿಸೆಂಬರ್‌ನಲ್ಲಿ ಶಾರನ್ ಟೆರಿ ಮತ್ತು ಪ್ಯಾಟ್ರಿಕ್ ಟೆರಿ ಎಂಬ ದಂಪತಿಗೆ ತಮ್ಮ ಇಬ್ಬರು ಮಕ್ಕಳಿಗೂ ಪಿ.ಎಕ್ಸ್.ಇ. ಇದೆಯೆಂದು ತಿಳಿಯಿತು. ಅವರು ವೈದ್ಯರೂ ಅಲ್ಲ, ವಿಜ್ಞಾನಿಗಳೂ ಅಲ್ಲ. ಪತಿ ಕಟ್ಟಡ ನಿರ್ಮಾಣದ ಕೆಲಸದಲ್ಲಿದ್ದವರು. ಅವರು ಗ್ರಂಥಾಲಯದಲ್ಲಿ ಕೂತು ವೈದ್ಯಕೀಯ ಲೇಖನಗಳನ್ನು ಓದಿದರು, ಅರ್ಥವಾಗದ ಪದಗಳಿಗೆ ನಿಘಂಟು ನೋಡಿದರು. 1995ರಲ್ಲಿ ಪಿ.ಎಕ್ಸ್.ಇ. ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ ಕಟ್ಟಿದರು. ಬೇರೆ ಬೇರೆ ದೇಶಗಳ ರೋಗಿಗಳ ರಕ್ತದ ಮಾದರಿಗಳನ್ನು ಒಂದು ಕಡೆ ಸೇರಿಸಿ ಸಂಶೋಧಕರಿಗೆ ದೊರಕುವಂತೆ ಮಾಡಿದರು. 2000ದಲ್ಲಿ ವಂಶವಾಹಿ ಪತ್ತೆಯಾಗುವುದರಲ್ಲಿ ಅವರ ಪಾಲೂ ಇತ್ತು. ವಿದ್ಯಾರ್ಥಿಗಳೇ, ವಿದ್ಯೆ ಎಂದರೆ ಪದವಿ ಮಾತ್ರವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಓದಲು ಬಲ್ಲ ತಂದೆ ತಾಯಿ ತಮ್ಮ ಮಕ್ಕಳಿಗಷ್ಟೇ ಅಲ್ಲ, ಊರಿಗೇ ಉಪಕಾರ ಮಾಡಬಲ್ಲರು.

ಔಷಧ ಬರುತ್ತಿದೆಯೇ?

ಮೂಲದಿಂದಲೇ ಗುಣಪಡಿಸುವ ಔಷಧ ಇನ್ನೂ ಇಲ್ಲ. ಆದರೆ ದಾರಿ ತೆರೆದಿದೆ. ನೀರಿನ ಕೊಳವೆಯಲ್ಲಿ ಸುಣ್ಣ ಕಟ್ಟದಂತೆ ಫಾಸ್ಫೇಟ್ ಜಾತಿಯ ವಸ್ತುಗಳನ್ನು ಬೆರೆಸುವುದು ಹಳೆಯ ಪದ್ಧತಿ. ದೇಹದಲ್ಲಿಯೂ ಅಂಥದೇ ವಸ್ತು ಕೆಲಸ ಮಾಡುತ್ತದೆಯೇ ಎಂದು ಸ್ವಿಟ್ಜರ್ಲೆಂಡಿನ ಹರ್ಬರ್ಟ್ ಫ್ಲೈಶ್ 1960ರ ದಶಕದಲ್ಲಿ ಹುಡುಕಿದರು. ಆ ಸಂಶೋಧನೆಯಿಂದ ಪೈರೋಫಾಸ್ಫೇಟನ್ನು ಹೋಲುವ ಎಟಿಡ್ರೊನೇಟ್ ಮುಂತಾದ ಮೂಳೆಯ ಔಷಧಗಳು ಬಂದವು. ಅದೇ ಎಟಿಡ್ರೊನೇಟನ್ನು ನೆದರ್ಲೆಂಡ್ಸ್‌ನಲ್ಲಿ 74 ಮಂದಿ ಪಿ.ಎಕ್ಸ್.ಇ. ರೋಗಿಗಳ ಮೇಲೆ ಒಂದು ವರ್ಷ ಪ್ರಯೋಗಿಸಿ, ಫಲಿತಾಂಶವನ್ನು 2018ರಲ್ಲಿ ಪ್ರಕಟಿಸಿದರು. ಕಾಲಿನ ರಕ್ತನಾಳದಲ್ಲಿ ಸುಣ್ಣ ಕೂರುವುದು ಕಡಿಮೆಯಾಗಿತ್ತು. ಇದನ್ನು ಕೇಳಿ ಯಾರೂ ಅಂಗಡಿಗೆ ಓಡಬೇಡಿ. ಮೂಳೆಗೆ ಅಡ್ಡಪರಿಣಾಮವಿರುವ ಔಷಧ ಇದು, ತಜ್ಞರ ನಿಗಾ ಇಲ್ಲದೆ ತೆಗೆದುಕೊಳ್ಳುವಂಥದಲ್ಲ.

ನಮ್ಮ ಸುತ್ತಮುತ್ತ ಏನಿದೆ?

ಬೆಂಗಳೂರಿನವರಿಗೆ ಅನುಕೂಲಗಳು ಕಡಿಮೆಯಿಲ್ಲ. ಕಣ್ಣಿಗೆ ಸರ್ಕಾರದ ಮಿಂಟೋ ಆಸ್ಪತ್ರೆ ಇದೆ. ನಮ್ಮ ಬನಶಂಕರಿಯಲ್ಲೇ ಕಾಲೇಜು ಇರುವ ಕೆಂಪೇಗೌಡ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆ ವಿ.ವಿ. ಪುರಂನಲ್ಲಿದೆ. ರಕ್ತನಾಳ, ಹೃದಯಕ್ಕೆ ಬನ್ನೇರುಘಟ್ಟ ರಸ್ತೆಯ ಜಯದೇವ ಸಂಸ್ಥೆ ಇದೆ. 2021ರಲ್ಲಿ ಕೇಂದ್ರ ಸರ್ಕಾರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ ತಂದಿತು. ಅದರಡಿ ಗುರುತಿಸಿದ ಉತ್ಕೃಷ್ಟತಾ ಕೇಂದ್ರಗಳಲ್ಲಿ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ ಒಟ್ಟಾಗಿ ಒಂದಾಗಿವೆ. ದೃಷ್ಟಿ ಕುಂದಿದವರಿಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಂದದೃಷ್ಟಿ ಎಂಬ ಪ್ರತ್ಯೇಕ ವಿಭಾಗವಿದೆ. ನಿಗದಿತ ಪ್ರಮಾಣದ ದೋಷವಿದ್ದರೆ ಗುರುತಿನ ಚೀಟಿ, ಮೀಸಲಾತಿ, ಪರೀಕ್ಷೆಯಲ್ಲಿ ಬರೆಯಲು ಸಹಾಯಕರು, ಇವೆಲ್ಲ ಹಕ್ಕಾಗಿಯೇ ಸಿಗುತ್ತವೆ. ಜೆ.ಪಿ. ನಗರದ ಶ್ರೀ ರಮಣ ಮಹರ್ಷಿ ಅಂಧರ ಅಕಾಡೆಮಿ, ಎಚ್.ಎಸ್.ಆರ್. ಬಡಾವಣೆಯ ಮಿತ್ರ ಜ್ಯೋತಿ, ಸಮರ್ಥನಂ ಸಂಸ್ಥೆಗಳು ಕಣ್ಣಿನ ತೊಂದರೆ ಇರುವವರ ಓದು, ತರಬೇತಿಗಾಗಿ ವರ್ಷಗಳಿಂದ ದುಡಿಯುತ್ತಿವೆ.

ಆದರೆ ಆಸ್ಪತ್ರೆಗಳು ಎಷ್ಟಿದ್ದರೂ, ಅವುಗಳ ನಡುವೆ ಮಾಹಿತಿಯನ್ನು ಒಯ್ಯಬೇಕಾದವರು ನಾವೇ. 1929ರ ಪಾಠಕ್ಕೆ ಮತ್ತೆ ಬರುತ್ತೇನೆಂದು ಹೇಳಿದ್ದೆ. ಚರ್ಮದ ವೈದ್ಯರ ಚೀಟಿಯನ್ನು ಕಣ್ಣಿನ ವೈದ್ಯರಿಗೆ ತೋರಿಸಿ. ಕಣ್ಣಿನ ವೈದ್ಯರು 'ಗೆರೆಗಳಿವೆ' ಎಂದರೆ ಚರ್ಮದ ವೈದ್ಯರ ಬಳಿಗೆ ಹೋಗಿ. ಚರ್ಮದ ಸಣ್ಣ ಚೂರು ತೆಗೆದು, ಕ್ಯಾಲ್ಸಿಯಂ ಕಪ್ಪಾಗಿ ಕಾಣುವಂತೆ ಬಣ್ಣ ಹಾಕಿ ನೋಡಿದರೆ ರೋಗ ಖಚಿತವಾಗುತ್ತದೆ. ಥಲಸ್ಸೇಮಿಯಾ, ಕುಡುಗೋಲು ಕಣ ರೋಗ ಇರುವವರಲ್ಲಿಯೂ ಇಂಥದೇ ಗೆರೆಗಳು ಕಾಣಬಹುದು. ಆದ್ದರಿಂದ ರಕ್ತದ ಹಳೆಯ ವರದಿಗಳೂ ಜೊತೆಯಲ್ಲಿರಲಿ. ಎಲ್ಲ ಚೀಟಿಗಳನ್ನೂ ಒಂದೇ ಫೈಲಿನಲ್ಲಿ ದಿನಾಂಕದ ಪ್ರಕಾರ ಇಡಿ. ಮನೆಯಲ್ಲಿ ಹಿರಿಯ ಮಗುವಿಗೆ ರೋಗ ತಿಳಿದ ದಿನವೇ ತಮ್ಮ, ತಂಗಿಯರನ್ನೂ ಪರೀಕ್ಷೆಗೆ ಕರೆದೊಯ್ಯಿರಿ. ಅವರ ಕತ್ತಿನ ಮೇಲೆ ಏನೂ ಇಲ್ಲದಿದ್ದರೂ ಸರಿ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಡುತ್ತೇನೆ. ಈ ವಾರ ನಿಮ್ಮ ಅಜ್ಜಿಯ ಬಳಿ ಕೂತು ಮೂರು ತಲೆಮಾರಿನ ವಂಶವೃಕ್ಷ ಬರೆಯಿರಿ. ಯಾರು ಯಾರನ್ನು ಮದುವೆಯಾದರು, ಯಾರಿಗೆ ಯಾವ ವಯಸ್ಸಿನಲ್ಲಿ ಕಣ್ಣು ಮಂಜಾಯಿತು, ಯಾರಿಗೆ ಚರ್ಮದ ತೊಂದರೆ ಇತ್ತು, ಯಾವ ಮಕ್ಕಳು ಚಿಕ್ಕಂದಿನಲ್ಲೇ ತೀರಿಕೊಂಡರು, ಎಲ್ಲವನ್ನೂ ಕೇಳಿ ಬರೆದಿಡಿ. ಅಜ್ಜಿಗೆ ಗೊತ್ತಿರುವ ಈ ವಿಷಯಗಳು ಯಾವ ಪ್ರಯೋಗಾಲಯದಲ್ಲಿಯೂ ಸಿಗುವುದಿಲ್ಲ. ಮುಂದೆ ಎಂದಾದರೂ ಒಬ್ಬ ವೈದ್ಯರು 'ನಿಮ್ಮ ಮನೆಯಲ್ಲಿ ಇನ್ನು ಯಾರಿಗಾದರೂ ಹೀಗಿದೆಯೇ?' ಎಂದು ಕೇಳಿದಾಗ, ಆ ಒಂದು ಹಾಳೆ ನಿಮ್ಮ ಕೈಯಲ್ಲಿರಲಿ.